ಬೀಗರು ಕೊಟ್ಟ ಬೀಗ

ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ಒಗ್ಗರಣೆ ಹಾಕಲೆಂದು ಸಾಸಿವೆ ಡಬ್ಬಿಯ ಮುಚ್ಚಳ ತೆಗೆದ ನನ್ನ ಹೆಂಡತಿಗೆ ಅದರಲ್ಲಿ ಕಾರಿನ ಕೀ ಸಿಕ್ಕಿತು. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಅವಳು ಒಲೆ ಆರಿಸಿ, ಸತ್ತ ಜಿರಳೆಯನ್ನು ಎತ್ತುವ ಹಾಗೆ ಎರಡೇ ಬೆರಳಲ್ಲಿ ಅದನ್ನು ಎತ್ತಿಕೊಂಡು ಹಜಾರಕ್ಕೆ ಬಂದು, "ಏನ್ರೀ ಇದು?" ಎಂದಳು.

"ಅದು ಫ್ಯಾರಡೆ ಪಂಜರ ಕಣೆ" ಎಂದೆ.

"ಪಂಜರವೋ ಗೂಡೋ, ಇದರಲ್ಲಿದ್ದ ಸಾಸಿವೆ ಎಲ್ಲಿ?"

ಸಾಸಿವೆಯನ್ನು ನಾನು ಹಿಂದಿನ ರಾತ್ರಿಯೇ ಖಾಲಿ ಹಾರ್ಲಿಕ್ಸ್ ಬಾಟಲಿಗೆ ಸುರಿದಿಟ್ಟಿದ್ದೆ. ಅದನ್ನು ಹೇಳುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು. ಆ ದಿನದ ಉಪ್ಪಿಟ್ಟಿಗೆ ಒಗ್ಗರಣೆ ಇರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಬೀಗರು. ಮಗಳ ಮಾವನಿಗೂ ಬಾಗಿಲಿಗೆ ಜಡಿಯುವ ಕಬ್ಬಿಣಕ್ಕೂ ಒಂದೇ ಹೆಸರಿಟ್ಟ ಕನ್ನಡಿಗ ಯಾರೋ ತಿಳಿಯದು, ಹೆಣ್ಣು ಹೆತ್ತವನೇ ಇರಬೇಕು. ನಮ್ಮ ಬೀಗರು ಮಾತ್ರ ಆ ಜಾತಿಯವರಲ್ಲ. ಕೊಡುವುದು ತೆಗೆದುಕೊಳ್ಳುವುದು ಯಾವುದೂ ಬೇಡವೆಂದು ಮದುವೆ ಮಾಡಿಕೊಂಡವರು. ಬೆಂಗಳೂರಿನ ನಿವೃತ್ತ ಇಂಜಿನಿಯರು. ಅವರಿಗಿರುವ ಚಟ ಒಂದೇ, ಮುನ್ನೆಚ್ಚರಿಕೆ. ಊಟಕ್ಕೆ ಕೂತರೆ ಮೊದಲು ಫ್ಯಾನಿನ ಬೋಲ್ಟು ನೋಡುತ್ತಾರೆ. ಹಿರಿಯ ಮಗ ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮಿನ ಹತ್ತಿರ ಇರುವುದರಿಂದ ಇವರ ಮುನ್ನೆಚ್ಚರಿಕೆಗೆ ಅಂತಾರಾಷ್ಟ್ರೀಯ ಮಟ್ಟವೂ ಬಂದಿದೆ.

ಅಲ್ಲಿ ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದವರು ನಮ್ಮ ಮನೆಗೆ ದಸರೆ ನೋಡಲು ಬಂದಾಗ, ಗೋಡೆಯ ಮೊಳೆಗೆ ಕ್ಯಾಲೆಂಡರಿನ ಜೊತೆ ನೇತಾಡುತ್ತಿದ್ದ ನಮ್ಮ ಕಾರಿನ ಕೀ ನೋಡಿ ಬೆಚ್ಚಿಬಿದ್ದರು. "ಬೀಗರೇ, ಇದನ್ನ ಹೀಗೆ ಬಾಗಿಲ ಪಕ್ಕ ನೇತುಹಾಕಿದೀರಲ್ಲ! ನನ್ನ ಮಗ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ ಮಲಗ್ತಾನೆ." ನಾನು ನಕ್ಕೆ. ಅವರು ನಗಲಿಲ್ಲ. ಬೀಗರು ನಗದೇ ಇದ್ದಾಗ ನಾವು ನಗು ನಿಲ್ಲಿಸುವುದು ವಾಡಿಕೆ.

ಅವರ ಮಗ ಇರುವ ಊರಿನ ಪಕ್ಕದ್ದು ಸೋಲಿಹಲ್. ಅಲ್ಲಿ 2017ರ ಸೆಪ್ಟೆಂಬರಿನ ಒಂದು ರಾತ್ರಿ ಇಬ್ಬರು ಕಳ್ಳರು ಒಂದು ಮನೆಯ ಮುಂದೆ ಬಂದರು. ಒಬ್ಬ ಕೈಯಲ್ಲಿ ಒಂದು ಪೆಟ್ಟಿಗೆ ಹಿಡಿದು ಮನೆಯ ಗೋಡೆ, ಬಾಗಿಲುಗಳ ಹತ್ತಿರ ಆರತಿ ಎತ್ತುವವನಂತೆ ಆಡಿಸಿದ. ಇನ್ನೊಬ್ಬ ಇನ್ನೊಂದು ಪೆಟ್ಟಿಗೆ ಹಿಡಿದು ಕಾರಿನ ಪಕ್ಕ ನಿಂತ. ಗಾಜು ಒಡೆಯಲಿಲ್ಲ, ಬೀಗ ಮುರಿಯಲಿಲ್ಲ, ನಾಯಿ ಬೊಗಳಲಿಲ್ಲ. ಸುಮಾರು ಒಂದು ನಿಮಿಷದಲ್ಲಿ ಮರ್ಸಿಡಿಸ್ ಕಾರು ತಾನಾಗಿ ಬಾಗಿಲು ತೆರೆದು ಅವರ ಜೊತೆ ಹೊರಟುಹೋಯಿತು. ಆ ಮನೆಯ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯವನ್ನು ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರು ನವೆಂಬರಿನಲ್ಲಿ ಬಿಡುಗಡೆ ಮಾಡಿದರು. ಬೀಗರು ಅದನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ, ಬೇರೆಯವರು ಮೊಮ್ಮಕ್ಕಳ ಫೋಟೋ ಇಟ್ಟುಕೊಂಡಂತೆ. ನನಗೆ ಮೂರು ಸಲ ತೋರಿಸಿದರು.

ನೋಡುತ್ತಿದ್ದಂತೆ ನನಗೊಂದು ವಿಷಯ ಹೊಳೆಯಿತು. ಈ ಕಳ್ಳತನದ ಅರ್ಧ ಭಾಗವನ್ನು ನಾನೇ ಒಮ್ಮೆ ಮಾಡಿದ್ದೆ, ಅದೂ ನನ್ನದೇ ಕಾರಿನ ಮೇಲೆ.

ನಮ್ಮ ಕಾರು ಮಗ ಕೊಡಿಸಿದ್ದು. ಅದಕ್ಕೆ ಕೀ ಸಿಕ್ಕಿಸುವ ತೂತೇ ಇಲ್ಲ. ಕೀ ಜೇಬಿನಲ್ಲಿದ್ದರೆ ಸಾಕು, ಹಿಡಿ ಮುಟ್ಟಿದರೆ ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಹೊರಡುತ್ತದೆ. ಹೊರಗೆ ಹೊರಟರೆ ಆ ಕೀ ಯಾವಾಗಲೂ ನನ್ನ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿರುತ್ತದೆ, ನಾನು ಎಲ್ಲಾದರೂ ಮರೆತುಬರುತ್ತೇನೆಂದು. ಒಂದು ಶನಿವಾರ ಎಂಜಿನ್ ಆರಿಸದೆಯೇ ಅವಳನ್ನು ಬೆಂಗಳೂರಿನ ಬಸ್ಸು ಹತ್ತಿಸಿ ಹೊರಟೆ. ಕಾರು ಪೀಪೀ ಎಂದು ಕೂಗಿಕೊಂಡಿತು. ಅದು ಸೀಟ್ ಬೆಲ್ಟಿಗೂ ಕೂಗುತ್ತದೆ, ಹಿಂದೆ ನಾಯಿ ಬಂದರೂ ಕೂಗುತ್ತದೆ. ಯಾರು ಕಿವಿಗೊಡುತ್ತಾರೆ? ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ಹೋದೆ. ನಿಯಮದಂತೆ ಎಂಜಿನ್ ಆರಿಸಿದೆ. ಮತ್ತೆ ಗುಂಡಿ ಒತ್ತಿದರೆ ಕೀ ಇಲ್ಲ ಎಂದಿತು.

ಹೆಂಡತಿಗೆ ಫೋನ್ ಮಾಡಿದೆ. "ನಿನ್ನ ಬ್ಯಾಗಲ್ಲಿ ಕೀ ಇದೆಯಾ ನೋಡು."

"ಇದೆಯಲ್ಲ, ಭದ್ರವಾಗಿದೆ. ಯಾಕೆ?"

"ಎಲ್ಲಿದ್ದೀಯ?"

"ಶ್ರೀರಂಗಪಟ್ಟಣ ದಾಟಿತು."

ಇನ್ನೊಂದು ಕೀ ಇಲ್ಲವೇ ಎಂದು ಬಂಕಿನ ಹುಡುಗ ಕೇಳಿದ. ಇತ್ತು. ಕಳೆದುಹೋಗಬಾರದೆಂದು ಅದನ್ನು ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೆ, ಆವತ್ತು ಎರಡನೇ ಶನಿವಾರ. ಹುಡುಗರು ಕಾರನ್ನು ಗಾಳಿ ಹಾಕುವ ಯಂತ್ರದ ಪಕ್ಕಕ್ಕೆ ತಳ್ಳಿದರು. ಎರಡು ರಾತ್ರಿ ಅದು ಅಲ್ಲೇ ಇತ್ತು. ಹೊರಟ ಮೇಲೆ ಕೀ ದೂರವಾದರೂ ಎಂಜಿನ್ ತಾನಾಗಿ ನಿಲ್ಲದಂತೆ ಮಾಡಿರುವುದು ಬೇಕೆಂದೇ. ನಡುರಸ್ತೆಯಲ್ಲಿ ಏಕಾಏಕಿ ನಿಂತರೆ ಹಿಂದಿನ ಲಾರಿ ನಮ್ಮ ಮೇಲೆ ಬರುತ್ತದೆ. ಕಳ್ಳನಿಗೂ ಅದೇ ಅನುಕೂಲ. ಒಮ್ಮೆ ಗುರ್ ಎನಿಸಿದರೆ ಸಾಕು, ಬಂಕಿಗೆ ಹೋಗದೆ ಇರುವಷ್ಟು ಬುದ್ಧಿ ಇದ್ದರಾಯಿತು. ನನಗೆ ಅಷ್ಟೂ ಇರಲಿಲ್ಲ.

ಆ ಮೊದಲರ್ಧ, ಅಂದರೆ ಕೀ ಇಲ್ಲದೆ ಗುರ್ ಎನಿಸುವುದು ಹೇಗೆಂಬುದನ್ನು ಬೀಗರು ಕಾಫಿ ಲೋಟ, ಚಮಚಗಳನ್ನು ಮೇಜಿನ ಮೇಲೆ ಜೋಡಿಸಿ ವಿವರಿಸಿದರು. ಕಾರು ತನ್ನ ಸುತ್ತ ಒಂದೆರಡು ಮೀಟರಿನಷ್ಟು ದೂರಕ್ಕೆ ಮೆಲ್ಲಗೆ ಪಿಸುಗುಟ್ಟುತ್ತದೆ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನಲ್ಲಿ. "ಯಾರಪ್ಪಾ ಅದು?" ಕೀ ನಿದ್ದೆಯಿಂದೆದ್ದು 433 ಮೆಗಾಹರ್ಟ್ಸ್‌ನಲ್ಲಿ, ಇನ್ನೂ ಗಟ್ಟಿ ದನಿಯಲ್ಲಿ, ಗುಪ್ತಭಾಷೆಯಲ್ಲಿ ಉತ್ತರಿಸುತ್ತದೆ. "ನಾನೇ." ಪ್ರಶ್ನೆ ಪ್ರತಿ ಸಲವೂ ಬೇರೆ, ಉತ್ತರವೂ ಬೇರೆ. ಆ ಭಾಷೆಯನ್ನು ಒಡೆಯುವ ಗೋಜಿಗೆ ಕಳ್ಳ ಹೋಗುವುದೇ ಇಲ್ಲ. ಅವನು ಮದುವೆ ದಲ್ಲಾಳಿಯ ಕೆಲಸ ಮಾಡುತ್ತಾನೆ. ಗಂಡಿನವರು ಕೇಳಿದ್ದನ್ನು ಹೆಣ್ಣಿನವರಿಗೆ ಮುಟ್ಟಿಸುತ್ತಾನೆ, ಹೆಣ್ಣಿನವರು ಹೇಳಿದ್ದನ್ನು ಇವರಿಗೆ. ಇಬ್ಬರಿಗೂ ತಾವು ಎದುರುಬದುರು ಕೂತಿದ್ದೇವೆಂಬ ಭ್ರಮೆ. ಕಾರು ಕೇಳಿದ್ದು "ಹತ್ತಿರ ಇದ್ದೀಯಾ?" ಎಂದು ಮಾತ್ರ. ಕಳ್ಳ ಕದ್ದದ್ದು ಕೀಯನ್ನಲ್ಲ, ನಡುವಿನ ದೂರವನ್ನು.

ಇದು ಕಳ್ಳರ ಸ್ವಂತ ಸಂಶೋಧನೆಯೇನೂ ಅಲ್ಲ. ಜ್ಯೂರಿಚ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 2011ರಲ್ಲೇ ಎಂಟು ಕಂಪನಿಗಳ ಹತ್ತು ಮಾದರಿಯ ಕಾರುಗಳನ್ನು ಹೀಗೆ ಪರೀಕ್ಷಿಸಿ, ಹತ್ತೂ ಬಾಗಿಲು ತೆರೆದವೆಂದು ಬರೆದಿದ್ದರು. ಓದಬೇಕಾದವರು ನಿಧಾನವಾಗಿ ಓದಿದರು, ಓದಬಾರದವರು ಬೇಗ ಓದಿದರು. 2025ರಲ್ಲಿ ಬ್ರಿಟನ್ ಸರ್ಕಾರ ಅಂಥ ಪೆಟ್ಟಿಗೆ ಇಟ್ಟುಕೊಳ್ಳುವುದೇ ಅಪರಾಧ, ಐದು ವರ್ಷದವರೆಗೆ ಜೈಲು ಎನ್ನುವ ಮಸೂದೆ ತಂದಿತು.

ನಮ್ಮ ಅಜ್ಜಿಯ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುತ್ತಿತ್ತು. ಅವಳು ಅಡುಗೆಮನೆಯಿಂದ ಹಿತ್ತಿಲಿಗೆ ಹೋದದ್ದು ಇಡೀ ಮನೆಗೆ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಆ ಸದ್ದು ದೂರವಾದಾಗ ನಾವು ಮೊಮ್ಮಕ್ಕಳು ಉಗ್ರಾಣದ ಬೆಲ್ಲಕ್ಕೆ ನುಗ್ಗುತ್ತಿದ್ದೆವು. ನಿಸ್ತಂತು ಸಂಕೇತವನ್ನು ಕದ್ದು ಕೇಳಿ ಕನ್ನ ಹಾಕುವ ವಿದ್ಯೆ ನನಗೆ ಏಳನೇ ವಯಸ್ಸಿಗೇ ಸಿದ್ಧಿಸಿತ್ತು ಎನ್ನಬಹುದು. ಮುಂದೆ ಬ್ಯಾಂಕ್ ಸೇರಿ ಹುಬ್ಬಳ್ಳಿಗೆ ಹೋದಾಗ ಅಲ್ಲಿನ ಗೆಳೆಯ "ಕೀಲಿ ಹಾಕೇನ್ರಿ" ಎಂದರೆ ನಾನು ಎಲ್ಲಿಗೆ ಹಾಕಿದ ಎಂದು ಹುಡುಕುತ್ತಿದ್ದೆ. ನಮಗೆ ಬೀಗವಾದದ್ದು ಅವರಿಗೆ ಕೀಲಿ, ನಮ್ಮ ಬೀಗದ ಕೈ ಅವರಿಗೆ ಕೀಲಿಕೈ. ಎರಡೂ ಕಡೆ ಹೆಸರಿನಲ್ಲಿ ಒಂದು ಕೈ ಇತ್ತು, ಗಮನಿಸಿ. ಸ್ಟ್ರಾಂಗ್ ರೂಮಿಗೆ ಎರಡು ಕೈ. ಒಂದು ಮ್ಯಾನೇಜರ ಬಳಿ, ಒಂದು ಕ್ಯಾಷಿಯರ ಬಳಿ. ಇಬ್ಬರೂ ಬಂದು ಒಟ್ಟಿಗೆ ನಿಲ್ಲದೆ ಬಾಗಿಲು ತೆರೆಯದು. ಇಬ್ಬರೂ ಜಗಳವಾಡಿಕೊಂಡ ದಿನ ಇಡೀ ಶಾಖೆಗೆ ಹಣವಿಲ್ಲ. ಕಾರಿನವರು ಆ ಕೈಯನ್ನೇ ತೆಗೆದುಬಿಟ್ಟರು.

ಬೀಗರು ಹೋದ ಮೇಲೆ ನಾನು ಪ್ರಯೋಗಕ್ಕೆ ಇಳಿದೆ. ಮೈಕೇಲ್ ಫ್ಯಾರಡೆ 1836ರಲ್ಲಿ ಹನ್ನೆರಡು ಅಡಿಯ ದೊಡ್ಡ ಪೆಟ್ಟಿಗೆ ಕಟ್ಟಿಸಿ ಅದಕ್ಕೆ ಲೋಹದ ಹಾಳೆ ಹೊದಿಸಿ, ಹೊರಗೆ ವಿದ್ಯುತ್ತಿನ ಕಿಡಿ ಹಾರಿಸುತ್ತಿದ್ದಾಗ ತಾನು ಒಳಗೆ ಕೂತಿದ್ದನಂತೆ. ಒಳಗಿದ್ದ ಉಪಕರಣಕ್ಕೆ ಅದರ ಸುಳಿವೇ ಸಿಗಲಿಲ್ಲ. ಸುತ್ತಲೂ ಲೋಹವಿದ್ದರೆ ಅಲೆ ಒಳಗೆ ಹೋಗದು. ಲಿಫ್ಟಿನಲ್ಲಿ ಫೋನ್ ಕಡಿದುಹೋಗುವುದಕ್ಕೂ ಅದೇ ಕಾರಣ. ಹಾಗಾದರೆ ನಮ್ಮ ಅಡುಗೆಮನೆಯಷ್ಟು ಭದ್ರವಾದ ಜಾಗ ಇನ್ನೊಂದುಂಟೇ? ಒಂದೊಂದೇ ಡಬ್ಬಿಯಲ್ಲಿ ಕೀ ಇಟ್ಟು, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ ಕಾರಿನ ಹಿಡಿ ಮುಟ್ಟಿ ನೋಡಿದೆ. ಕಾಫಿ ಪುಡಿಯ ಡಬ್ಬಿಯ ಮುಚ್ಚಳ ಸಡಿಲ, ಕಾರು ತೆರೆದುಕೊಂಡಿತು. ಚಕ್ಕುಲಿ ಡಬ್ಬಿ ದೊಡ್ಡದು, ಆದರೆ ಮಗ್ಗುಲು ತಗ್ಗಿತ್ತು, ಸಂದಿ ಇತ್ತು, ತೆರೆಯಿತು. ಸಾಸಿವೆ ಡಬ್ಬಿ ಮಾತ್ರ ಗೆದ್ದಿತು. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು, ಕೊಟ್ಟವರ ಹೆಸರು ಮುಚ್ಚಳದ ಮೇಲೆ ಕೆತ್ತಿದೆ, ಇವತ್ತಿಗೂ ಹಲ್ಲುಕಚ್ಚಿ ಎಳೆದರೇ ಬರುವುದು. ಎದುರುಮನೆಯವರು ಮೂರು ದಿನ ಇದನ್ನು ನೋಡಿ, ನಮ್ಮವಳನ್ನು ಕರೆದು, "ಯಜಮಾನರ ಆರೋಗ್ಯ ಹೇಗಿದೆ?" ಎಂದು ಕೇಳಿದರಂತೆ.

ಇದಕ್ಕೆಂದೇ ಚೀಲಗಳು ಮಾರಾಟಕ್ಕಿವೆ, ಒಳಗೆ ಲೋಹದ ನೂಲಿನ ಅಸ್ತರಿ. ಮಡಿಸಿ ಮಡಿಸಿ ಮಡಿಕೆಯಲ್ಲಿ ಅಸ್ತರಿ ಹರಿದರೆ ಅದೂ ಬರೀ ಚೀಲ. ಈಚಿನ ಕೆಲವು ಕೀಗಳು ಸ್ವಲ್ಪ ಹೊತ್ತು ಅಲುಗಾಡದೆ ಇದ್ದರೆ ತಾವಾಗಿ ನಿದ್ದೆ ಹೋಗುತ್ತವೆ. ಇನ್ನೂ ಹೊಸದರಲ್ಲಿ ಕಾರು ಉತ್ತರವನ್ನಷ್ಟೇ ನೋಡುವುದಿಲ್ಲ, ಬರಲು ಎಷ್ಟು ಹೊತ್ತಾಯಿತೆಂದೂ ಅಳೆಯುತ್ತದೆ. ರೇಡಿಯೋ ಅಲೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ 30 ಸೆಂಟಿಮೀಟರ್ ಹೋಗುತ್ತದೆ. ದಲ್ಲಾಳಿ ಎಷ್ಟೇ ಚುರುಕಾಗಿದ್ದರೂ ಆ ಹೊತ್ತನ್ನು ಮುಚ್ಚಿಡಲಾರ. ಇದಕ್ಕೆ ಅಲ್ಟ್ರಾ ವೈಡ್‌ಬ್ಯಾಂಡ್ ಎಂದು ಹೆಸರು. ನಮ್ಮ ಮನೆಯಲ್ಲಿ ಈ ತಂತ್ರಜ್ಞಾನ ಬಂದು 38 ವರ್ಷವಾಯಿತು. ಹಾಲು ತರಲು ಹೋದವನು ಹನ್ನೆರಡು ನಿಮಿಷದ ಬದಲು ಇಪ್ಪತ್ತೆರಡು ನಿಮಿಷಕ್ಕೆ ಬಂದರೆ, ನಾನು ಏನೇ ಉತ್ತರ ಕೊಡಲಿ, ಹೋಟೆಲಿನಲ್ಲಿ ಕೂತು ವಡೆ ತಿಂದದ್ದು ಅವಳಿಗೆ ಗೊತ್ತಾಗಿಬಿಡುತ್ತದೆ.

ಬೀಗರಿಗೆ ಇಷ್ಟು ಸಾಲದು. ಒಂದು ಕಿಂಡಿ ಮುಚ್ಚಿದೆನೆಂದರೆ ಇನ್ನೊಂದು ತೋರಿಸುತ್ತಾರೆ. ಇಂಗ್ಲೆಂಡಿನಲ್ಲೇ ಇಯಾನ್ ಟೇಬರ್ ಎಂಬುವವರ ಟೊಯೊಟಾ ಕಾರಿನ ಮುಂಬದಿಯ ಬಂಪರನ್ನು 2022ರಲ್ಲಿ ಯಾರೋ ಕಿತ್ತು, ಹೆಡ್‌ಲೈಟಿನ ವೈರು ಎಳೆದುಹಾಕಿದ್ದರು. ಪುಂಡರ ಕೆಲಸವೆಂದು ಅವರು ಬೈದುಕೊಂಡರು. ಆಮೇಲೆ ಕಾರೇ ಹೋಯಿತು. ಕಾರಿನ ಒಳಗೆ ಎಂಜಿನ್ನು, ಬಾಗಿಲು, ದೀಪ ಎಲ್ಲವೂ ಒಂದಕ್ಕೊಂದು ಸೇರಿದ ತಂತಿಗಳ ಮೇಲೆ ಮಾತಾಡಿಕೊಳ್ಳುತ್ತವೆ, ಒಟ್ಟು ಕುಟುಂಬದ ಹಾಗೆ. ಹೆಡ್‌ಲೈಟಿನ ಮೂಲಕ ಆ ತಂತಿಗೆ ಕೈಹಾಕಿ "ಕೀ ಬಂದಿದೆ, ಬಾಗಿಲು ತೆಗೆಯಿರಿ" ಎಂದು ಕೂಗಿದರೆ ಒಳಗಿನವರು ನಂಬುತ್ತಾರೆ, ಮನೆಯವರೇ ಹೇಳಿದ್ದೆಂದು. ಇಂಥ ಸಾಧನವನ್ನು ಹಾಡು ಕೇಳುವ ಸ್ಪೀಕರಿನ ಹೊಟ್ಟೆಯಲ್ಲಿ ಅಡಗಿಸಿ ಮಾರುತ್ತಿದ್ದರು. ಕಥೆಯ ಸ್ವಾರಸ್ಯವೆಂದರೆ ಕಾರು ಕಳೆದುಕೊಂಡವರ ಕಸುಬೇ ವಾಹನಗಳ ಸೈಬರ್ ಸುರಕ್ಷತೆ. ಅವರೂ ಅವರ ಗೆಳೆಯ ಕೆನ್ ಟಿಂಡೆಲ್ ಅವರೂ ಸೇರಿ ಈ ತಂತ್ರವನ್ನೆಲ್ಲ ಬಿಚ್ಚಿ 2023ರಲ್ಲಿ ಲೋಕಕ್ಕೆ ತಿಳಿಸಿದರು. ಇದನ್ನು ಹೇಳುವಾಗ ಬೀಗರ ಮುಖದಲ್ಲಿ ಹರಿಕಥೆ ದಾಸರ ಕಳೆ.

ಅಮೆರಿಕದ ಜೀಪಿನ ಕಥೆಯೂ ಆಯಿತು. 2015ರಲ್ಲಿ ಮಿಲ್ಲರ್ ಮತ್ತು ವಲಾಸೆಕ್ ಎಂಬಿಬ್ಬರು ಮನೆಯ ಸೋಫಾದಲ್ಲಿ ಕೂತು, ಹೆದ್ದಾರಿಯಲ್ಲಿ ಹೋಗುತ್ತಿದ್ದ ಪತ್ರಕರ್ತನ ಜೀಪಿನ ಎ.ಸಿ., ರೇಡಿಯೋ, ವೈಪರುಗಳನ್ನೆಲ್ಲ ಕುಣಿಸಿ ಕೊನೆಗೆ ವೇಗವನ್ನೇ ಕಡಿದರು. ಪತ್ರಕರ್ತ ಒಪ್ಪಿಯೇ ಕೂತಿದ್ದ. ಕಂಪನಿ 14 ಲಕ್ಷ ವಾಹನಗಳನ್ನು ಸರಿಪಡಿಸಬೇಕಾಯಿತು. ನಮ್ಮ ಕಾರಿನ ವೈಪರು ನಾನು ಒಳಗೆ ಕೂತು ಬೇಡಿಕೊಂಡರೂ ಕದಲದು. ಹಾಗಾಗಿ ಈ ಭಯ ನನಗೆ ತಟ್ಟಲಿಲ್ಲ.

ತಟ್ಟಿದ್ದು ಬೇರೆಯದು. 2022ರಲ್ಲಿ ಒಂದು ವಿಡಿಯೋ ಎಲ್ಲರ ಫೋನಿಗೂ ಬಂತು. ಸಿಗ್ನಲಿನಲ್ಲಿ ಕಾರಿನ ಗಾಜು ಒರೆಸುವ ಹುಡುಗ ಕೈಗಡಿಯಾರದಿಂದ ಫಾಸ್ಟ್ಯಾಗ್ ಸ್ಕ್ಯಾನ್ ಮಾಡಿ ದುಡ್ಡು ಎಗರಿಸುತ್ತಾನಂತೆ. ಬೀಗರೂ ಕಳಿಸಿದ್ದರು. ಅದಾದ ಎರಡು ದಿನಕ್ಕೆ ಸಿಗ್ನಲಿನಲ್ಲಿ ನಿಜವಾಗಿ ಒಬ್ಬ ಹುಡುಗ ಬಟ್ಟೆ ಹಿಡಿದು ನಮ್ಮ ಗಾಜಿಗೆ ಬಂದ. ನಾನು ಇಳಿದು ಕೂಗಾಡಿದೆ, ಕೈ ತೋರಿಸು ಎಂದೆ. ತೋರಿಸಿದ. ಕೈಗಡಿಯಾರ ಇರಲಿಲ್ಲ. ಒಂದು ಮಾಸಿದ ಕೆಂಪು ದಾರ ಇತ್ತು, ಯಾವುದೋ ಗುಡಿಯದು. ಹಿಂದಿನವರು ಹಾರನ್ ಹೊಡೆದರು, ನಾನು ಹತ್ತಿಕೊಂಡೆ. ಆ ವಿಡಿಯೋ ನಾಟಕವೆಂದು, ನೋಂದಾಯಿತ ಟೋಲ್ ಗೇಟು, ಪಾರ್ಕಿಂಗಿನವರನ್ನು ಬಿಟ್ಟರೆ ಬೇರೆ ಯಾರಿಗೂ ಫಾಸ್ಟ್ಯಾಗಿನಿಂದ ಹಣ ಹೋಗದೆಂದು ಆ ವ್ಯವಸ್ಥೆ ನಡೆಸುವವರೇ ಹೇಳಿದರು. ಅದನ್ನು ಬೀಗರು ಕಳಿಸಲಿಲ್ಲ. ಆ ಸಿಗ್ನಲಿನಲ್ಲಿ ಆಮೇಲೂ ಹೋಗಿದ್ದೇನೆ, ಹುಡುಗ ಕಂಡಿಲ್ಲ.

ಫೋನಿನ ಪಾಡು ಕಾರಿಗಿಂತ ದೊಡ್ಡದು. 2013ರಲ್ಲಿ ಅಮೆರಿಕ ಸರ್ಕಾರದ ಗುಟ್ಟುಗಳನ್ನು ಬಯಲು ಮಾಡಿ ಹಾಂಗ್‌ಕಾಂಗಿನಲ್ಲಿ ಅಡಗಿದ್ದ ಎಡ್ವರ್ಡ್ ಸ್ನೋಡೆನ್ ತನ್ನನ್ನು ನೋಡಲು ಬಂದ ವಕೀಲರ ಫೋನುಗಳನ್ನು ಫ್ರಿಜ್ಜಿನಲ್ಲಿ ಇಡಿಸಿದ್ದ, ಯಾರೂ ಕದ್ದು ಕೇಳಬಾರದೆಂದು. ನಾನೂ ಇಟ್ಟೆ. ಹೆಂಡತಿಗೆ ಕರೆ ಮಾಡೆಂದೆ. ಕೊತ್ತಂಬರಿ ಸೊಪ್ಪಿನ ನಡುವಿನಿಂದ "ಶ್ರೀ ಗಣೇಶಾಯ" ಎಂದು ಕೇಳಿಸಿತು. ಬಾಗಿಲಿನ ರಬ್ಬರು ಪಟ್ಟಿಯ ಸಂದಿಯಲ್ಲಿ ಅಲೆ ನುಸುಳುತ್ತದೆ. ಹೊರಗಿನ ಮಾತು ಫೋನಿಗೆ ಕೇಳಿಸದಿರಲಿಕ್ಕೆ ದಪ್ಪ ಬಾಗಿಲು ಸಾಕು, ಅಲೆ ತಡೆಯಲಿಕ್ಕೆ ಸಾಲದು. ಮೈಕ್ರೋವೇವಿನಲ್ಲಿ ಇಟ್ಟು ನೋಡೋಣವೆಂದೆ. ಮನೆಯಲ್ಲಿ ಅನುಮತಿ ಸಿಗಲಿಲ್ಲ.

ಕಳವಾದ ಫೋನಿಗೆ ಮಾತ್ರ ಈಗ ಒಂದು ದಾರಿ ಇದೆ. ನಕ್ಷತ್ರ, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಫೋನು ಐ.ಎಂ.ಇ.ಐ. ಎಂಬ ತನ್ನ 15 ಅಂಕಿಯ ಗುರುತು ಹೇಳುತ್ತದೆ. ಜಂಬೂ ಸವಾರಿಯ ಗದ್ದಲದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯ ಫೋನ್ ಹೋದಾಗ, ಪೊಲೀಸರಿಗೆ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ತಂದು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಅಂಕಿ ಕೊಟ್ಟು ಬ್ಲಾಕ್ ಮಾಡಿಸಿದಳು. ಇಡೀ ದೇಶಕ್ಕೆ ಈ ವ್ಯವಸ್ಥೆ ಬಂದದ್ದು 2023ರಲ್ಲಿ. ಅಂಥ ಫೋನಿಗೆ ಯಾರಾದರೂ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಅಂಕಿಯನ್ನು ಮೊದಲೇ ಬರೆದಿಟ್ಟಿರಬೇಕು ಅಷ್ಟೆ. ಫೋನಿನಲ್ಲೇ ಬರೆದಿಟ್ಟರೆ ಪ್ರಯೋಜನವಿಲ್ಲ. ನಾನು ಹಾಗೆ ಬರೆದಿಟ್ಟಿದ್ದೆ. ಈಗ ನಮ್ಮದು ಕ್ಯಾಲೆಂಡರಿನ ಹಿಂದೆ ಇದೆ, ಹಾಲಿನ ಲೆಕ್ಕದ ಕೆಳಗೆ.

ಇಷ್ಟೆಲ್ಲ ಅಲೆಗಳಿಗೆ ತಗಡು ಬಡಿದ ನಮ್ಮ ಬೀಗರ ಕೋಟೆಗೆ ಕನ್ನ ಬಿದ್ದದ್ದು ಹೋದ ಮಾಘದಲ್ಲಿ. ವಾಟ್ಸ್ಯಾಪಿನಲ್ಲಿ ಒಂದು ಮದುವೆಯ ಕರೆಯೋಲೆ ಬಂತು. ಯಾರದೆಂದು ತಿಳಿಯಲಿಲ್ಲ. ಆದರೆ ಗಂಡು ಹೆತ್ತವರು, ಬೀಗರು ಬಿಜ್ಜರು, ಮದುವೆಗೆ ಕರೆದರೆ ನೋಡದೆ ಇರಲಾದೀತೇ? ಒತ್ತಿದರು. ತೆರೆದುಕೊಳ್ಳಲು ಅದು ಏನೇನೋ ಅನುಮತಿ ಕೇಳಿತು, ಕೊಟ್ಟರು. ಕರೆಯೋಲೆಯ ಹೆಸರಿಟ್ಟುಕೊಂಡು ಬಂದದ್ದು ಒಂದು ಆ್ಯಪು. ಒಳಗೆ ಕೂತು, ಬರುವ ಒ.ಟಿ.ಪಿ.ಗಳನ್ನೆಲ್ಲ ಓದಿ ಬೇರೆ ಕಡೆಗೆ ದಾಟಿಸತೊಡಗಿತು. ಮತ್ತೆ ಅದೇ ದಲ್ಲಾಳಿ ಕೆಲಸ, ಈ ಸಲ ಅವನಿಗೆ ಕುರ್ಚಿ ಹಾಕಿ ಕೂರಿಸಿದ್ದು ನಾವೇ. ಎರಡು ಕಂತಿನಲ್ಲಿ 46,000 ರೂಪಾಯಿ ಹೋಯಿತು. ಸೊಸೆ, ಅಂದರೆ ನನ್ನ ಮಗಳು, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದ್ದರಿಂದ ಎರಡನೇ ಕಂತು ದಾರಿಯಲ್ಲೇ ಸಿಕ್ಕಿಬಿತ್ತು. ಬೀಗರು ಒಂದು ವಾರ ಯಾರಿಗೂ ಏನೂ ಫಾರ್ವರ್ಡ್ ಮಾಡಲಿಲ್ಲ. ನಮಗೇ ಗಾಬರಿಯಾಯಿತು.

ಎಂಟನೇ ದಿನ ಅವರೇ ಬಂದರು, ಕಂಕುಳಲ್ಲಿ ಉದ್ದನೆಯದೊಂದು ಕಾಗದದ ಸುರುಳಿ ಹಿಡಿದು. ಬಿಚ್ಚಿದರೆ ಹಳದಿ ಬಣ್ಣದ ಕಬ್ಬಿಣದ ರಾಡು. ಸ್ಟೀರಿಂಗಿಗೆ ಅಡ್ಡ ಹಾಕಿ ಬೀಗ ತಿರುಗಿಸುವುದು. ಇಂಗ್ಲೆಂಡಿನಲ್ಲಿ ಇದು ಮತ್ತೆ ಬಳಕೆಗೆ ಬಂದಿದೆಯಂತೆ. "ಬೀಗರೇ, ಇದಕ್ಕೆ ಬ್ಲೂಟೂತ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಹ್ಯಾಕ್ ಮಾಡಲಿ ನೋಡೋಣ" ಎಂದು ಅದನ್ನು ಗದೆಯ ಹಾಗೆ ಎತ್ತಿ ತೋರಿಸಿದರು. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದುಕೊಂಡು ಹೋಗಿ ತಾವೇ ಅದನ್ನು ಹಾಕಿ, ಎಳೆದು ನೋಡಿ, ಬಂದು ಮಲಗಿದರು. ನನಗೂ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಅವರನ್ನು ಏಳೂವರೆಯ ಬಸ್ಸಿಗೆ ಬಿಡಬೇಕಿತ್ತು. ಸಾಸಿವೆ ಡಬ್ಬಿಯಿಂದ ಕೀ ತೆಗೆದುಕೊಂಡು ಹೋದೆ, ಕಾರು ತೆರೆಯಿತು, ಸ್ಟೀರಿಂಗಿನ ಮೇಲೆ ರಾಡು ಮಲಗಿತ್ತು. ಅದರ ಬೀಗದ ಕೈ ಎಲ್ಲಿ? "ನಿಮ್ಮ ಕೈಗೇ ಕೊಟ್ಟೆನಲ್ಲ" ಎಂದರು ಬೀಗರು. ಬೀಗರು ಕೊಟ್ಟೆನೆಂದರೆ ಇಲ್ಲವೆನ್ನುವುದುಂಟೇ? ಮೊಳೆಯಲ್ಲಿ ನೋಡಿದೆವು, ಕ್ಯಾಲೆಂಡರಿನ ಹಿಂದೆ ನೋಡಿದೆವು. ಹೆಂಡತಿ ಡಬ್ಬಿಗಳನ್ನೆಲ್ಲ ಇಳಿಸಿ ಒಂದೊಂದಾಗಿ ತೆಗೆದಳು. ಮೆಂತ್ಯ, ಜೀರಿಗೆ, ಧನಿಯ, ಹುರಿಗಡಲೆ. ಏಳು ಇಪ್ಪತ್ತಾಯಿತು. ಆಟೋ ಕರೆದು ಕಳಿಸಿದೆವು.

ಮುಕ್ಕಾಲು ಗಂಟೆ ಕಳೆದಿರಬಹುದು, ಅಡುಗೆಮನೆಯ ನೆಲದಲ್ಲಿ ಕೂತು ನಾವಿಬ್ಬರೂ ಹುರಿಗಡಲೆ ತುಂಬುತ್ತಿದ್ದಾಗ ನನ್ನ ಫೋನು ಗಣೇಶನನ್ನು ಕರೆಯಿತು.

"ಬೀಗರೇ," ದನಿ ಸಣ್ಣಗಿತ್ತು, "ಆ ರಾಡಿನ ಎರಡು ಕೀಗಳೂ ನನ್ನ ಜೇಬಲ್ಲೇ ಇವೆ. ಭದ್ರವಾಗಿವೆ, ಗಾಬರಿಯಾಗಬೇಡಿ."

ಹೆಂಡತಿ ಕೈಯ ಹುರಿಗಡಲೆ ಕೊಡವಿಕೊಂಡು ಕೇಳಿದಳು. "ಎಲ್ಲಿದ್ದಾರಂತೆ?"

"ಶ್ರೀರಂಗಪಟ್ಟಣ ದಾಟಿದರಂತೆ."

ಅವಳು ಏನೂ ಅನ್ನಲಿಲ್ಲ. ಹಾರ್ಲಿಕ್ಸ್ ಬಾಟಲಿ ತೆಗೆದುಕೊಂಡು, ಸಾಸಿವೆಯನ್ನು ಮತ್ತೆ ಸಾಸಿವೆ ಡಬ್ಬಿಗೇ ಸುರಿಯತೊಡಗಿದಳು.